ಎಲುಬು ಬೇಯಿಸುವವರಿಗೆ ದಡವಿಲ್ಲ

ಅವ್ವ ಸಾಯಲು ಮಲಗಿದ್ದಳು. ಸಾಯುವುದಕ್ಕೆ ಅವಳದೇನೂ ತಕರಾರಿರಲಿಲ್ಲ. ಮಂದಿರದ ಪುಸ್ತಕವನ್ನು ಪೂರ್ತಿ ಕೇಳಿಯೇ ಸಾಯಬೇಕು ಎನ್ನುವುದೊಂದೇ ಹಟ.

ಊರಲ್ಲಿ ಸಾಯುವವರಿಗೆಲ್ಲ ಅದು ಸಿಗುತ್ತಿತ್ತು. ಯಾರಾದರೂ ಹಾಸಿಗೆ ಹಿಡಿದು ವೈದ್ಯ ಕೈಚೆಲ್ಲಿದ ಅಂದರೆ ಮಂದಿರದಿಂದ ಓದುವವನೊಬ್ಬ ಬರುತ್ತಿದ್ದ. ತಲೆದಿಂಬಿನ ಪಕ್ಕ ಕೂತು ಮೊದಲ ಮಾತಿನಿಂದ ಕೊನೆಯ ಮಾತಿನವರೆಗೆ ಓದುತ್ತಿದ್ದ. ಪೂರ್ತಿ ಕೇಳಿದವರು ದಡ ಸೇರುತ್ತಾರೆ ಎಂದು ನಂಬಿಕೆ. ಜನರ ಮನೆಮಠ ನುಂಗಿದ ಬಡ್ಡಿಯವನಿಗೆ ಓದಿದ್ದರು. ಹೆಂಡತಿಯನ್ನು ಹೊಡೆದು ಕೊಂದವನಿಗೆ ಜೈಲಿನೊಳಗೇ ಹೋಗಿ ಓದಿದ್ದರು. ಅಂಟಿನ ಕೇರಿಗೆ ಮಾತ್ರ ಯಾರೂ ಬಂದಿರಲಿಲ್ಲ.

ಅಂಟಿನ ಕೇರಿ ಊರಿನ ಕೊನೆಗಿತ್ತು. ಕಸಾಯಿಖಾನೆಯಿಂದ ಬಂದ ಎಲುಬು, ಗೊರಸು, ಚರ್ಮದ ಚೂರುಗಳನ್ನು ಅಲ್ಲಿ ಸುಣ್ಣದ ನೀರಲ್ಲಿ ನೆನೆಹಾಕಿ, ಕೊಪ್ಪರಿಗೆಗಳಲ್ಲಿ ಕುದಿಸಿ ಅಂಟು ತೆಗೆಯುತ್ತಿದ್ದರು. ಆ ವಾಸನೆ ಬಟ್ಟೆ ಒಗೆದರೆ ಹೋಗುವಂಥದ್ದಲ್ಲ. ಕೂದಲಿಗೆ, ಹಾಸಿಗೆಗೆ, ಹಾಲು ಕುಡಿಯುವ ಕೂಸಿನ ಬಾಯಿಗೆ ಹತ್ತಿಕೊಳ್ಳುತ್ತಿತ್ತು. ಕೇರಿಯವರು ಎದುರು ಬಂದರೆ ಊರವರು ಮೂಗು ಮುಚ್ಚಿಕೊಳ್ಳುತ್ತಿರಲಿಲ್ಲ, ಅಷ್ಟು ಮರ್ಯಾದೆ ಇತ್ತು. ಉಸಿರು ಹಿಡಿದು ದಾಟುತ್ತಿದ್ದರು.

ಅವ್ವ ಎಳೆ ಹುಡುಗಿಯಾಗಿದ್ದಾಗಲೇ ಕೊಪ್ಪರಿಗೆಯ ಮುಂದೆ ನಿಂತವಳು. ಸುಣ್ಣ ಅವಳ ಅಂಗೈಯನ್ನು ತಿಂದುಹಾಕಿತ್ತು. ಹಬೆ ಎದೆಯನ್ನು ತಿಂದಿತ್ತು. ಈಗ ಕೆಮ್ಮಿದರೆ ಮೈಯೆಲ್ಲ ಮುದುಡಿ, ಮತ್ತೆ ಬಿಚ್ಚಿಕೊಳ್ಳುವುದಕ್ಕೆ ಬಹಳ ಹೊತ್ತು ಹಿಡಿಯುತ್ತಿತ್ತು. ಅಷ್ಟಾದರೂ ದೇವರ ಮೇಲೆ ಸಿಟ್ಟಿರಲಿಲ್ಲ. ಅವನಿಗೂ ಏನೋ ಕೆಲಸ ಇದ್ದೀತು, ನಮ್ಮ ಸರದಿ ಇನ್ನೂ ಬಂದಿಲ್ಲ ಅನ್ನುತ್ತಿದ್ದಳು.

ದೊಡ್ಡವಳು ಅವಳ ಹಿರಿಯ ಮಗಳು. ಗಂಡ ಸತ್ತ ಮೇಲೆ ತವರಿಗೆ ಬಂದಿದ್ದಳು. ದೇವರ ಜೊತೆ ಅವಳಿಗೆ ಜಗಳವೂ ಇರಲಿಲ್ಲ, ನಂಟೂ ಇರಲಿಲ್ಲ. ಶಾಲೆಯ ಬಾಗಿಲಾಚೆ ಕೂತು ನಾಲ್ಕಕ್ಷರ ಕಲಿತಿದ್ದಳು. ಕೆಲಸ ಛಾಪಖಾನೆಯಲ್ಲಿ. ಅಲ್ಲಿ ವರ್ಷವಿಡೀ ಅಚ್ಚಾಗುತ್ತಿದ್ದದ್ದು ಅದೇ ಪುಸ್ತಕ.

ದೊಡ್ಡ ಹಾಳೆಯ ಮೇಲೆ ಪುಟಗಳು ತಲೆಕೆಳಗಾಗಿ, ಹಿಂದುಮುಂದಾಗಿ ಅಚ್ಚಾಗಿ ಬರುತ್ತಿದ್ದವು. ಹೆಂಗಸರು ಮೇಜಿನ ಮುಂದೆ ನಿಂತು ಅದನ್ನು ಮಡಿಚಿ, ಮಡಿಕೆಯ ಮೇಲೆ ಎಲುಬಿನ ಪಟ್ಟಿ ಎಳೆದು, ಮತ್ತೆ ಮಡಿಚಿ, ಮತ್ತೆ ಎಳೆದು ಒಂದು ಫಾರಂ ಮಾಡುತ್ತಿದ್ದರು. ಒಬ್ಬೊಬ್ಬಳಿಗೆ ಒಂದೊಂದು ಫಾರಂ. ಒಂದು ರಾಶಿ ಮುಗಿದರೆ ಮತ್ತೊಂದು ರಾಶಿ, ಅದೇ ಹಾಳೆ. ಸಂಜೆಗೆ ಹೆಬ್ಬೆರಳು ಮರಗಟ್ಟುತ್ತಿತ್ತು. ಕಾಗದದ ಅಂಚು ಬೆರಳ ಸಂದಿಯನ್ನು ಕೊಯ್ಯುತ್ತಿತ್ತು, ರಕ್ತ ಹಾಳೆಗೆ ತಾಗಿದರೆ ಬೈಗುಳ. ಓದುತ್ತ ನಿಂತರೆ ರಾಶಿ ಕರಗುವುದಿಲ್ಲ. ಹೀಗಾಗಿ ಯಾರೂ ಓದುತ್ತಿರಲಿಲ್ಲ. ಮಡಿಸುವ ತನಕ, ಹೊಲಿಯುವ ತನಕ ಅದು ಬರೀ ಕಾಗದ. ಕೇರಿಯ ಹೆಂಗಸರು ಮುಟ್ಟಬಹುದು. ಹೊಲಿದ ಪುಸ್ತಕದ ಬೆನ್ನಿಗೆ ಕೇರಿಯ ಅಂಟೇ ಬೀಳುತ್ತಿತ್ತು. ರಟ್ಟು ಕಟ್ಟಿ, ಮಂದಿರದವರು ಬಂದು ನೀರು ಚಿಮುಕಿಸಿದ ಮೇಲೆ ಅದು ಪುಸ್ತಕ. ಆಮೇಲೆ ಕೇರಿಯವರು ಅದನ್ನಿಟ್ಟ ಕೋಣೆಯ ಹೊಸ್ತಿಲನ್ನೂ ತುಳಿಯುವಂತಿಲ್ಲ.

ದೊಡ್ಡವಳ ಪಕ್ಕದ ಮೇಜಿನಲ್ಲಿ ತಮ್ಮನ ಹೆಂಡತಿ ನಿಲ್ಲುತ್ತಿದ್ದಳು. ಮನೆಯಲ್ಲಿ ಅವಳನ್ನು ಚಿಕ್ಕವಳು ಅನ್ನುತ್ತಿದ್ದರು. ಅವಳಿಗೆ ಆರು ತಿಂಗಳು ತುಂಬಿತ್ತು. ಬಸಿರ ಹೊಟ್ಟೆ ಮೇಜಿಗೆ ಅಡ್ಡವಾಗಿ, ಕೈ ಎಟುಕದೆ, ಒಂದು ಮಗ್ಗುಲಾಗಿ ನಿಂತು ಮಡಿಸುತ್ತಿದ್ದಳು.

ಅವ್ವನ ಹಟ ತಡೆಯಲಾರದೆ ದೊಡ್ಡವಳು ಒಂದು ಮಧ್ಯಾಹ್ನ ಮಂದಿರಕ್ಕೆ ಹೋದಳು. ಚಪ್ಪಲಿ ಬಿಡುವ ಜಾಗದಾಚೆ ನಿಲ್ಲಲು ಹೇಳಿದರು. ಆಮೇಲೆ ಗಾಳಿ ಈ ಕಡೆ ಇದೆ, ಇನ್ನೂ ಆಚೆ ನಿಲ್ಲು ಅಂದರು. ನಿಂತಳು. ಮಂದಿರದ ಹಿರಿಯ ಹೊರಗೆ ಬರುವ ಹೊತ್ತಿಗೆ ಬಿಸಿಲು ನೆತ್ತಿ ಸುಡುತ್ತಿತ್ತು. ಅವರು ಗದರಲಿಲ್ಲ. ಅವ್ವನ ಕಾಯಿಲೆ ಏನೆಂದು ಕೇಳಿದರು, ಅಯ್ಯೋ ಪಾಪ ಅಂದರು. ಅವಳು ಅದನ್ನೇ ಹಿಡಿದು ಬೇಡಿಕೊಂಡಳು. ಓದುವವರು ಮನೆಯೊಳಗೆ ಬರುವುದು ಬೇಡ, ಕೇರಿಯ ಬಾಯಲ್ಲಿ ನಿಂತು ಓದಲಿ, ಅವ್ವನನ್ನು ಹೊತ್ತುಕೊಂಡು ಬಂದು ಅಲ್ಲೇ ಮಲಗಿಸುತ್ತೇವೆ ಅಂದಳು.

"ನಾನು ಬೇಡ ಅಂತಿಲ್ಲಮ್ಮ," ಅಂದರು ಹಿರಿಯ. "ಪುಸ್ತಕ ಬೇಡ ಅಂತಿದೆ."

"ಎಲ್ಲಿ ಹಂಗಂದಿದೆ?"

"ಪೂರ್ತಿ ಓದಿದೋರಿಗೆ ಕಾಣುತ್ತೆ." ಅವರು ಕರವಸ್ತ್ರವನ್ನು ಮೂಗಿನ ಹತ್ತಿರ ತಂದು, ಅದನ್ನು ಅವಳು ನೋಡಿಯಾಳೆಂದು ಹಣೆ ಒರೆಸಿಕೊಂಡರು. "ನಿಮ್ಮೋರಿಗೋಸ್ಕರ ನಾವೇ ಪ್ರಾರ್ಥನೆ ಮಾಡ್ತೀವಿ. ಹೋಗು."

ದಾರಿಯುದ್ದಕ್ಕೂ ಅವಳ ಕಿವಿಯಲ್ಲಿ ಆ ಮಾತೇ. ಪುಸ್ತಕ ಬೇಡ ಅಂತಿದೆಯಂತೆ. ಸುಳ್ಳು ಅನಿಸಿತು. ಅವರು ಕಟ್ಟಿದ್ದು. ಅಂಟು ಬೇಕು, ಅಂಟಿನವರು ಬೇಡ, ಅದಕ್ಕೆ ದೇವರ ಬಾಯಲ್ಲಿ ಒಂದು ಮಾತು ತುರುಕಿದ್ದಾರೆ. ಪುಸ್ತಕವನ್ನು ಮೊದಲಿಂದ ಕೊನೆತನಕ ಓದುತ್ತೇನೆ, ಆ ಮಾತಿಲ್ಲ ಅಂತ ಅವ್ವನ ಮುಂದೆ ತೋರಿಸುತ್ತೇನೆ ಎಂದು ಗಟ್ಟಿ ಮಾಡಿಕೊಂಡಳು. ದೇವರನ್ನು ನಂಬದವಳು ಆವತ್ತು ಪುಸ್ತಕವನ್ನು ನಂಬಿದಳು.

ಛಾಪಖಾನೆಯಲ್ಲಿ ಕೆಟ್ಟ ಹಾಳೆಗಳು ಬೀಳುತ್ತಿದ್ದವು. ಸೊಟ್ಟಗೆ ಅಚ್ಚಾದದ್ದು, ಮಸಿ ಹರಡಿದ್ದು. ಅವನ್ನು ಒಂದು ಮೂಲೆಯಲ್ಲಿ ಪೇರಿಸಿಟ್ಟು ಮಂದಿರದವರು ಬಂದು ವಿಧಿಪ್ರಕಾರ ಸುಡುತ್ತಿದ್ದರು. ದೊಡ್ಡವಳು ಅಲ್ಲಿಂದ ಕದಿಯತೊಡಗಿದಳು. ಇವತ್ತು ಮೊದಲ ಫಾರಮ್ಮಿನ ಹಾಳೆ, ನಾಳೆ ಅದರ ಮುಂದಿನದು. ಬಟ್ಟೆಯೊಳಗೆ ಹೊಟ್ಟೆಗೆ ಸುತ್ತಿಕೊಂಡು, ಮೇಸ್ತ್ರಿಯ ಮುಂದೆಯೇ ಹಾದು ಮನೆಗೆ ತರುತ್ತಿದ್ದಳು. ಬೆವರಿಗೆ ಮಸಿ ಕರಗಿ ಹೊಟ್ಟೆಯ ಮೇಲೆ ಅಕ್ಷರ ಉಲ್ಟಾ ಅಂಟಿಕೊಳ್ಳುತ್ತಿತ್ತು. ಸ್ನಾನ ಮಾಡುವಾಗ ತಿಕ್ಕಿ ತಿಕ್ಕಿ ತೆಗೆಯಬೇಕಿತ್ತು.

ಮನೆಯೆಂದರೆ ಒಂದೇ ಕೋಣೆ. ಅವ್ವ ಗೋಡೆಯ ಕಡೆ, ತಮ್ಮ ಮತ್ತು ಚಿಕ್ಕವಳು ಒಲೆಯ ಕಡೆ. ಕೆಲಸದಿಂದ ಬಂದು, ಬೆಳಕಿರುವಾಗಲೇ ಬಾಗಿಲಿಗೆ ಬೆನ್ನು ಕೊಟ್ಟು ಕೂತು ದೊಡ್ಡವಳು ಓದುತ್ತಿದ್ದಳು. ತಮ್ಮ ಮೊದಲ ದಿನವೇ ಬೇಡ ಅಂದ. ಅವನು ಎಲುಬಿನ ಗಾಡಿ ಹೊಡೆಯುವವನು, ಊರವರ ದಾರಿಯಲ್ಲಿ ಓಡಾಡಬೇಕು, ಅವನಿಗೆ ಭಯ. ಅವಳು ಓದಲು ಶುರುಮಾಡಿದರೆ ಎದ್ದು ಹೊರಗೆ ಹೋಗಿಬಿಡುತ್ತಿದ್ದ. ಚಿಕ್ಕವಳು ಮಾತ್ರ ಅಕ್ಕಿ ಆರಿಸುತ್ತ, ಕಾಲು ಚಾಚಿಕೊಂಡು ಕೇಳುತ್ತಿದ್ದಳು.

ಅವ್ವ ಮೊದಮೊದಲು ಕೈಮುಗಿದುಕೊಂಡೇ ಕೇಳಿದಳು. ಆಮೇಲೆ ಕೈ ಸೋತಿತು, ಬಾಯಿ ಶುರುವಾಯಿತು. ಇಂಥವನಿಗೆ ಇಂಥವನು ಹುಟ್ಟಿದ, ಅವನಿಗೆ ಇವನು ಹುಟ್ಟಿದ ಎಂದು ಪುಟಗಟ್ಟಲೆ ಬಂದಾಗ, "ಇಷ್ಟು ಜನ ಹುಟ್ಟಿದ್ರಲ್ಲ, ಹೆತ್ತೋಳ ಹೆಸರು ಒಂದೂ ಇಲ್ವಾ?" ಅಂದಳು. ಮಂದಿರದ ಕಂಬ ಎಷ್ಟು ಮೊಳ, ಬಾಗಿಲು ಎಷ್ಟು ಮೊಳ ಎಂಬ ಅಳತೆ ಮುಗಿಯದೇ ಹೋದಾಗ, ಮೇಲಿರುವವನೂ ಮೇಸ್ತ್ರಿ ಕೆಲಸವನ್ನೇ ಮಾಡುತ್ತಿದ್ದನೆಂದು ಕಾಣುತ್ತದೆ ಅಂದಳು. ಚಿಕ್ಕವಳು ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡಳು. ಯುದ್ಧ ಬಂದರೆ ಅವ್ವ ನಿದ್ದೆ ಹೋಗುತ್ತಿದ್ದಳು. ಎದ್ದ ಮೇಲೆ, ನಿದ್ದೆಯಲ್ಲಿ ತಪ್ಪಿದ್ದನ್ನು ಮತ್ತೆ ಓದಿಸುತ್ತಿದ್ದಳು. ಪೂರ್ತಿ ಅಂದರೆ ಪೂರ್ತಿ. ಒಂದು ಮಾತು ಬಿಟ್ಟರೂ ದಡಕ್ಕೆ ಒಂದು ಹೆಜ್ಜೆ ಕಡಿಮೆ.

ಒಂದು ಕಥೆ ಮಾತ್ರ ಅವಳ ಎದೆಗೆ ನಾಟಿತು. ಸೌದೆ ಹೊತ್ತ ಮುದುಕಿಯೊಬ್ಬಳು ಕಾಡಿನಲ್ಲಿ ದಾರಿ ತಪ್ಪಿರುತ್ತಾಳೆ. ಅವಳು ಮನೆ ಮುಟ್ಟುವ ತನಕ ದೇವರು ಸೂರ್ಯನನ್ನು ಮುಳುಗಗೊಡುವುದಿಲ್ಲ. ಎತ್ತುಗಳು ಕಂಗಾಲಾಗುತ್ತವೆ, ರಾಜ ಊಟದ ಹೊತ್ತು ತಿಳಿಯದೆ ಕೂಗಾಡುತ್ತಾನೆ, ದೇವರು ಮಾತ್ರ ಕಾಯುತ್ತಾನೆ. ಅವ್ವ ಅದನ್ನು ಎರಡೆರಡು ಸಲ ಓದಿಸಿದಳು. ಅವಳ ಕಣ್ಣಲ್ಲಿ ನೀರು ಬಂತು. ಮುದುಕಿ ನಮ್ಮಂಥವಳೇ, ರಾಜ ಕಾಯಲಿ ಬಿಡು ಅಂದಳು. ಆ ರಾತ್ರಿ ಕೆಮ್ಮು ಕಡಿಮೆಯಿತ್ತು. ದೊಡ್ಡವಳಿಗೂ ಎಲ್ಲೋ ಒಂದು ಕಡೆ ಹಿಗ್ಗು. ಇಂಥ ಕಥೆ ಬರೆದ ಕೈ ನಮ್ಮನ್ನು ಹೊರಗಿಡುವುದು ಸಾಧ್ಯವೇ ಇಲ್ಲ, ಹಿರಿಯ ಸುಳ್ಳುಗಾರ ಎಂಬುದು ಅವಳಿಗೆ ಖಾತ್ರಿಯಾಯಿತು.

ಅರ್ಧ ದಾಟಿದ ಮೇಲೆ ಒಂದು ಸಂಜೆ ಅವಳು ತನ್ನದೇ ಫಾರಮ್ಮಿನ ಹಾಳೆ ತಂದಿದ್ದಳು. ಛಾಪಖಾನೆಗೆ ಸೇರಿದಾಗಿನಿಂದ ಅವಳು ಮಡಿಸುತ್ತಿದ್ದದ್ದು ಅದನ್ನೇ. ಮಸಿಯ ಸಾಲು ಎಲ್ಲಿ ಮುಗಿಯುತ್ತದೆ, ಮಡಿಕೆ ಎಲ್ಲಿ ಬೀಳುತ್ತದೆ ಎಂದು ಬೆರಳಿಗೆ ಗೊತ್ತಿತ್ತು. ಅದರಲ್ಲಿ ಏನಿದೆ ಎಂಬುದು ಗೊತ್ತಿರಲಿಲ್ಲ. ಹಾಳೆ ಕತ್ತರಿಸಿ ಪುಟ ಸರಿಮಾಡಿಕೊಂಡು ಓದಿದಳು. ಯಾವ ಬೀಜ ಯಾವಾಗ ಬಿತ್ತಬೇಕು, ಅತಿಥಿಯನ್ನು ಹೇಗೆ ಕರೆಯಬೇಕು ಎಂಬ ಮಾತುಗಳು. ಚಿಕ್ಕವಳು ಒಲೆ ಊದುತ್ತಿದ್ದಳು. ಪುಟ ತಿರುವಿದಾಗ ಆ ಮಾತು ಅಲ್ಲಿತ್ತು.

ದೊಡ್ಡವಳು ನಿಲ್ಲಿಸಿದಳು. ಕಣ್ಣು ಮತ್ತೆ ಸಾಲಿನ ಮೊದಲಿಗೆ ಹೋಯಿತು. ತಪ್ಪಾಗಿ ಓದಿದೆನೆಂದುಕೊಂಡಳು. ತಪ್ಪಾಗಿರಲಿಲ್ಲ. ಅವಳು ಆ ಸಾಲು ಹಾರಿ ಅದರ ಮುಂದಿನದಕ್ಕೆ ಹೋದಳು.

"ಬಿಟ್ಟೆಯಾ?" ಅಂದಳು ಅವ್ವ. ಕಣ್ಣು ಮುಚ್ಚಿತ್ತು.

ಇಲ್ಲ ಅಂದಳು ಮಗಳು.

"ಉಸಿರು ನಿಂತಿದ್ದು ಕೇಳಿಸ್ತು. ಬಿಟ್ಟಿದ್ದು ಓದು."

ಬೇಡವ್ವ ಅಂದಳು. ಅವ್ವ ಕೈ ಚಾಚಿ ಅವಳ ಮೊಣಕಾಲು ಹಿಡಿದಳು. ಆ ಕೈಯಲ್ಲಿ ಸೊಳ್ಳೆ ಹೊಡೆಯುವ ಬಲವೂ ಇರಲಿಲ್ಲ. ಆದರೂ ಬಿಡಲಿಲ್ಲ. ಮಗಳು ಓದಿದಳು.

"ಎಲುಬು ಬೇಯಿಸುವವರ ಕಿವಿಗೆ ಈ ಮಾತು ಬೀಳದಿರಲಿ. ಅವರಿಗೆ ದಡವಿಲ್ಲ. ಅವರಲ್ಲಿ ಸತ್ತವರಿಗೂ ಇಲ್ಲ, ಹುಟ್ಟಲಿರುವವರಿಗೂ ಇಲ್ಲ."

ಒಲೆ ಊದುವ ಸದ್ದು ನಿಂತಿತು. ಚಿಕ್ಕವಳು ಊದುಗೊಳವೆ ಹಿಡಿದುಕೊಂಡೇ ತಿರುಗಿ ನೋಡಿದಳು. ಅವ್ವನಿಗೆ ಕೆಮ್ಮು ಬಂತು, ಮೈ ಮುದುಡಿತು, ಬಿಚ್ಚಿಕೊಂಡಿತು.

"ಹುಟ್ಟೋರಿಗೂ ಇಲ್ವಂತಾ?"

"ಇಲ್ವಂತೆ."

"ನನ್ನ ಮಾತು ಬಿಡು. ನಾನು ಬೇಯಿಸಿದೆ, ನಾರಿದೆ. ಸರಿ. ಹುಟ್ಟದೇ ಇರೋ ಕೂಸು ಅವನಿಗೇನು ಮಾಡಿತ್ತು?"

ಇನ್ನೂ ಅರ್ಧ ಪುಸ್ತಕ ಇದೆ, ಮುಂದೆ ಎಲ್ಲಾದರೂ ಇದನ್ನು ತೆಗೆದುಹಾಕಿರಬಹುದು, ಸೂರ್ಯನನ್ನೇ ನಿಲ್ಲಿಸಿದವನಿಗೆ ಒಂದು ಮಾತು ವಾಪಸ್ ತಗೊಳ್ಳುವುದು ಎಷ್ಟರ ಕೆಲಸ ಎಂದು ಮಗಳು ಏನೇನೋ ಹೇಳಿದಳು. ನಂಬದವಳು ನಂಬಿದವಳಿಗೆ ಸಮಾಧಾನ ಹೇಳುತ್ತಿದ್ದಳು. ಅವ್ವ ಗೋಡೆಯ ಕಡೆಗೆ ಹೊರಳಿದಳು.

"ಸಾಕು. ಮುಚ್ಚು."

"ಇನ್ನರ್ಧ ಕೇಳಲ್ವಾ? ದಡ..."

"ಅವನ ದಡ ಅವನೇ ಇಟ್ಟುಕೊಳ್ಳಲಿ. ನನಗೆ ಬೇಡ."

ಆಮೇಲೆ ಅವಳು ಪುಸ್ತಕದ ಸುದ್ದಿ ಎತ್ತಲಿಲ್ಲ. ಮಗಳು ಹಾಳೆ ಕೈಗೆತ್ತಿಕೊಂಡರೆ ಕಣ್ಣಲ್ಲೇ ಬೇಡ ಅನ್ನುತ್ತಿದ್ದಳು. ನೀರು ಕುಡಿದಳು, ಚಿಕ್ಕವಳ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಮಲಗಿದಳು. ಕೆಲವು ದಿನಗಳಲ್ಲಿ, ಎಲ್ಲರೂ ಕೆಲಸಕ್ಕೆ ಹೊರಡುವ ಹೊತ್ತಿಗೆ ಸತ್ತಳು. ಸಾಯುವಾಗ ಅವಳ ಮುಖದಲ್ಲಿ ಶಾಂತಿಯೇನೂ ಇರಲಿಲ್ಲ. ಹುಬ್ಬು ಗಂಟಿಕ್ಕಿಕೊಂಡಿತ್ತು. ಚಿಕ್ಕವಳು ಎಷ್ಟು ಸವರಿದರೂ ಆ ಗಂಟು ಬಿಚ್ಚಲಿಲ್ಲ. ಹಾಗೇ ಹೂತರು.

ಅವ್ವ ಬಿಟ್ಟ ಕಡೆಯಿಂದ ದೊಡ್ಡವಳು ಒಬ್ಬಳೇ ಓದಿದಳು. ಉಳಿದ ಹಾಳೆಗಳನ್ನೂ ಹೊಟ್ಟೆಗೆ ಸುತ್ತಿಕೊಂಡು ತಂದಳು. ಈಗ ಹುಡುಕುತ್ತಿದ್ದದ್ದು ಒಂದನ್ನೇ. ಆ ಮಾತು ತಪ್ಪು ಎಂದು ಎಲ್ಲಾದರೂ ಇದೆಯೇ? ಪುಸ್ತಕದ ಕೊನೆಯ ಭಾಗ ಬಲು ಚೆನ್ನಾಗಿತ್ತು. ಕಳ್ಳನಿಗೆ ಕ್ಷಮೆ ಇತ್ತು. ತಂದೆಯ ಮೇಲೆ ಕೈಯೆತ್ತಿದ ಮಗನಿಗೆ ಕ್ಷಮೆ ಇತ್ತು. ಊರಿಗೆ ಬೆಂಕಿಯಿಟ್ಟ ಸೇನಾಪತಿಯ ಕಾಲನ್ನು ದೇವರೇ ತೊಳೆದಿದ್ದ. ಹಕ್ಕಿಗೆ, ಇರುವೆಗೆ, ಒಣಗಿದ ಮರಕ್ಕೆ ದಡವಿತ್ತು. ಕೊನೆಯ ಮಾತಿನವರೆಗೂ ಓದಿದಳು. ಎಲುಬು ಬೇಯಿಸುವವರ ಹೆಸರು ಮತ್ತೆ ಎಲ್ಲೂ ಬರಲಿಲ್ಲ. ಅವರನ್ನು ಹೊರಗೆ ಹಾಕಿದ ಮೇಲೆ ಪುಸ್ತಕ ಅವರನ್ನು ಮರೆತೇಬಿಟ್ಟಿತ್ತು.

ಮರುದಿನ ಅವಳು ಮೇಜಿನ ಮುಂದೆ ನಿಂತಳು. ಮೇಸ್ತ್ರಿ ಹಾಳೆಯ ರಾಶಿ ತಂದು ಇಟ್ಟ. ಅವಳು ಎಲುಬಿನ ಪಟ್ಟಿ ಕೈಗೆತ್ತಿಕೊಳ್ಳಲಿಲ್ಲ. ಅವನು ಒಂದು ಸುತ್ತು ಹೋಗಿ ಬಂದು ನೋಡಿದ. ರಾಶಿ ಹಾಗೇ ಇತ್ತು. ಮೈ ಸರಿಯಿಲ್ಲವಾ ಎಂದು ಕೇಳಿದ.

"ಮೈ ಸರಿಯಾಗಿದೆ. ಈ ಫಾರಂ ನಾನು ಮಡಿಸಲ್ಲ."

ಹೆಂಗಸರ ಕೈಗಳು ನಿಂತವು. ಮೇಸ್ತ್ರಿ ಕೆಟ್ಟವನಲ್ಲ. ದನಿ ತಗ್ಗಿಸಿ, ಅವ್ವ ಸತ್ತ ದುಃಖ ಇರುತ್ತದೆ, ಬೇರೆ ಫಾರಂ ಕೊಡುತ್ತೇನೆ, ಸುಮ್ಮನೆ ಕೆಲಸ ನೋಡು ಅಂದ. ಬೇರೆಯದನ್ನು ಮಡಿಸಿದರೂ ಅದೇ ಪುಸ್ತಕಕ್ಕೆ ಸೇರುತ್ತದೆ ಅಂದಳು ಅವಳು. ಅವನಿಗೆ ಸಿಟ್ಟು ಬಂತು. "ನೀನು ಮಡಿಸದೇ ಇದ್ರೆ ಪುಸ್ತಕ ನಿಲ್ಲುತ್ತಾ?"

"ನಿಲ್ಲಲ್ಲ. ಗೊತ್ತು. ನನ್ನ ಕೈಲಂತೂ ಆಗಲ್ಲ."

ಅಂದು ಕಟ್ಟಿದ ಪುಸ್ತಕಗಳಿಗೆ ನೀರು ಚಿಮುಕಿಸಲು ಮಂದಿರದ ಹಿರಿಯ ಬಂದಿದ್ದರು. ಗಲಾಟೆ ಕೇಳಿ ಬಾಗಿಲಿಗೆ ಬಂದು ಏನೆಂದು ವಿಚಾರಿಸಿದರು. ಅವಳೇ ಹೇಳಿದಳು.

"ನೀವು ಹೇಳಿದ್ರಲ್ಲ, ಓದಿದೆ. ಮೊದಲಿಂದ ಕೊನೆತನಕ. ಅವ್ವನಿಗೆ ಅರ್ಧ ಕೇಳಿಸಿದೆ. ನೀವು ಸುಳ್ಳು ಹೇಳಿರಲಿಲ್ಲ."

ಹಿರಿಯರ ಮುಖ ಮೊದಲು ಅರಳಿತು, ಹಾದಿ ತಪ್ಪಿದವಳು ಒಪ್ಪಿಕೊಂಡಳು ಎಂಬಂತೆ. ಆಮೇಲೆ ಅರ್ಥವಾಯಿತು. ಓದುವುದಕ್ಕೆ ನಿನ್ನ ಕೈಗೆ ಪುಸ್ತಕ ಎಲ್ಲಿಂದ ಬಂತು ಅಂದರು. ಅವಳು ಮೂಲೆಯ ರಾಶಿ ತೋರಿಸಿದಳು. ಅಷ್ಟೇ ಸಾಕಾಯಿತು.

ಅವಳನ್ನು ಯಾರೂ ಹೊಡೆಯಲಿಲ್ಲ. ಹೊಡೆದರೆ ಮುಟ್ಟಬೇಕಲ್ಲ. ಗೋಡೆಗೆ ಒರಗಿಸಿದ್ದ ಉದ್ದನೆಯ ಪೊರಕೆಯ ಕೋಲಿನಿಂದ ಬೆನ್ನಿಗೆ ಒತ್ತಿ, ದನ ಅಟ್ಟಿದ ಹಾಗೆ ಬಾಗಿಲಾಚೆ ದಬ್ಬಿದರು. ಅವಳು ನಿಂತಿದ್ದ ಜಾಗವನ್ನು ತೊಳೆದರು. ಮಂದಿರದವರು ಕೇರಿಗೆ ಬಂದರು, ಅವಳು ಹುಟ್ಟಿದ ಮೇಲೆ ಮೊದಲ ಸಲ. ಓದುವುದಕ್ಕಲ್ಲ. ಮನೆಯಲ್ಲಿದ್ದ ಹಾಳೆಗಳನ್ನು ತಮ್ಮನ ಕೈಯಿಂದಲೇ ಹೊರಗೆ ತರಿಸಿ, ಇಕ್ಕಳದಲ್ಲಿ ಹಿಡಿದು ತೆಗೆದುಕೊಂಡು ಹೋಗಿ ಸುಟ್ಟರು. ಕೇರಿಯ ಅಂಟು ಇನ್ನು ಊರೊಳಗೆ ಬರಕೂಡದು ಎಂದು ಕಟ್ಟಪ್ಪಣೆ ಮಾಡಿದರು.

ತೆಗೆದು ಒಣಹಾಕಿದ್ದ ಅಂಟು ಹಲಗೆಗಳ ಮೇಲೆಯೇ ಬೂಷ್ಟು ಹಿಡಿಯಿತು. ಕೊಪ್ಪರಿಗೆಗಳು ಆರಿದವು. ಕೇರಿಯವರು ಅವಳ ಬಾಗಿಲಿಗೆ ಬಂದು ಉಗಿದರು. ಅದನ್ನು ಅವಳು ನಿರೀಕ್ಷಿಸಿರಲಿಲ್ಲ. ಪಕ್ಕದ ಮನೆಯ ಮುದುಕಿ, ಅವ್ವನ ಜೊತೆ ಒಂದೇ ಕೊಪ್ಪರಿಗೆ ತಿರುವಿದವಳು, "ಕೇಳಬಾರದ್ದು ಕೇಳಿಸಿ ನಿಮ್ಮವ್ವನನ್ನು ಕೊಂದೆ, ಈಗ ನಮ್ಮ ಮಕ್ಕಳ ಅನ್ನಕ್ಕೂ ಮಣ್ಣು ಹಾಕಿದೆ" ಅಂದಳು. ದೊಡ್ಡವಳು ಆ ಮಾತು ಏನೆಂದು ಅವಳಿಗೆ ಹೇಳಹೊರಟಳು. ಮುದುಕಿ ಎರಡೂ ಕಿವಿ ಮುಚ್ಚಿಕೊಂಡು ಓಡಿದಳು.

ಕೊನೆಗೆ ಕೇರಿಯ ಗಂಡಸರೆಲ್ಲ ಮಂದಿರಕ್ಕೆ ಹೋಗಿ, ಗಾಳಿ ಆಚೆ ಬೀಸುವ ಕಡೆ ನಿಂತು, ಹಣೆ ನೆಲಕ್ಕೆ ಹಚ್ಚಿ ಕ್ಷಮೆ ಕೇಳಿದರು. ಅವಳೂ ಬರಬೇಕು ಅಂದರು ಮಂದಿರದವರು. ಅವಳು ಹೋಗಲಿಲ್ಲ. ತಮ್ಮ ಅವಳ ಕಾಲು ಹಿಡಿದು ಬೇಡಿದ. ಆಗಲೂ ಹೋಗಲಿಲ್ಲ. ಅವಳ ಬದಲು ಅವನೇ ಎರಡು ಸಲ ಹಣೆ ಹಚ್ಚಿದ. ಮಂದಿರದವರು ದೊಡ್ಡ ಮನಸ್ಸು ಮಾಡಿದರು. ಅಂಟು ಮತ್ತೆ ಊರೊಳಗೆ ಹೋಯಿತು. ತಮ್ಮ ಅವಳ ಜೊತೆ ಮಾತು ಬಿಟ್ಟ. ಅವಳನ್ನು ಅವ್ವ ನಿಲ್ಲುತ್ತಿದ್ದ ಕೊಪ್ಪರಿಗೆಯ ಮುಂದೆ ನಿಲ್ಲಿಸಿದರು, ಬೇರೆ ಕೆಲಸ ಎಲ್ಲಿದೆ? ಮೊದಲ ವಾರವೇ ಸುಣ್ಣ ಅಂಗೈಯನ್ನು ಬಿರಿಸಿತು.

ಒಂದು ಸಂಜೆ ಚಿಕ್ಕವಳು ಛಾಪಖಾನೆಯಿಂದ ಬಂದವಳು ಹೊಸ್ತಿಲಲ್ಲೇ ಕೂತಳು. ಒಳಗೆ ಬರಲಿಲ್ಲ. ಕಾಲು ಬಾತುಹೋಗಿತ್ತು. ದೊಡ್ಡವಳು ಒಲೆಯ ಮುಂದಿನಿಂದ ಎದ್ದು ಬಂದು ಏನಾಯಿತು, ನೋವು ಶುರುವಾಯಿತಾ ಎಂದು ಕೇಳಿದಳು. ಚಿಕ್ಕವಳು ಇಲ್ಲವೆಂದು ತಲೆಯಾಡಿಸಿದಳು. ಮುಖ ಎತ್ತಲಿಲ್ಲ.

"ನಿನ್ನ ಮೇಜು ನನಗೆ ಕೊಟ್ರು, ಅಕ್ಕ."

ದೊಡ್ಡವಳು ಅವಳ ಪಕ್ಕ ಕುಕ್ಕರಿಸಿದಳು.

"ಆಗಲ್ಲ ಅಂದ್ರೆ ನಾಳೆಯಿಂದ ಬರಬೇಡ ಅಂದ್ರು."

"ಮಡಿಸಿದೆಯಾ?"

"ಮಡಿಸಿದೆ." ಅವಳು ಹೊಟ್ಟೆಯ ಮೇಲೆ ಎರಡೂ ಕೈ ಇಟ್ಟುಕೊಂಡಿದ್ದಳು. "ಆ ಮಾತು ಎಲ್ಲಿದೆ ಅಂತ ಗೊತ್ತಾಗಲಿಲ್ಲ. ನನಗೆ ಓದೋಕೆ ಬರಲ್ವಲ್ಲ. ಎಲ್ಲಿದೆ, ಎಲ್ಲಿದೆ ಅಂದ್ಕೊಂಡೇ ಪೂರ್ತಿ ರಾಶಿ ಮುಗಿಸಿದೆ."

ದೊಡ್ಡವಳು ಎದ್ದು ಒಳಗೆ ಹೋದಳು. ತಾಟಿಗೆ ಅನ್ನ ಬಡಿಸಿ ತಂದು ಅವಳ ಮುಂದೆ ಇಟ್ಟಳು. ಬಿರಿದ ಬೆರಳಿಗೆ ಬಿಸಿ ತಾಗಿ ಉರಿಯಿತು.

"ಉಣ್ಣು," ಅಂದಳು. "ಹೊಟ್ಟೇಲಿರೋದಕ್ಕೆ ಹಸಿವಾಗಿರುತ್ತೆ."